ಅಂಕಣ ಆಳಿದ ಮಮತಾ

ಮಹಿಳಾ ಕಬಡ್ಡಿಯ ಮೊದಲ ವಿಶ್ವಕಪ್ ಎತ್ತಿ ಹಿಡಿದವರು ಕಾರ್ಕಳದ ಒಳನಾಡಿನ ರೈತರ ಮಗಳು. ಎರಡನೇ ವಿಶ್ವಕಪ್ಪಿಗೆ 13 ವರ್ಷ ಕಾಯಬೇಕಾಯಿತು. ಅಷ್ಟೂ ಕಾಲ ಆಟಗಾರ್ತಿಯರ ಬೆನ್ನಿಗೆ ನಿಂತದ್ದು ರೈಲ್ವೆಯ ನೌಕರಿ. ಮಮತಾ ಪೂಜಾರಿಯವರ ಕತೆ ಗಡಿಯಾಚೆಯ, ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಜತ್ತ ತಾಲ್ಲೂಕಿನ ಹುಡುಗಿಯರಿಗೂ ತಲುಪಬೇಕು!

2012ರ ಮಾರ್ಚ್ 4. ಪಟ್ನಾದ ಕಂಕಡ್‌ಬಾಗ್‌ನ ಪಾಟಲಿಪುತ್ರ ಕ್ರೀಡಾ ಸಂಕೀರ್ಣ. ಮ್ಯಾಟಿನ ಒಂದು ಬದಿಗೆ ಇರಾನಿನ ಏಳು ಮಂದಿ: ತಲೆಗೆ ಬಿಗಿಯಾಗಿ ಕಟ್ಟಿದ ವಸ್ತ್ರ, ಮಣಿಕಟ್ಟಿನವರೆಗೆ ತೋಳು, ಹಿಮ್ಮಡಿಯವರೆಗೆ ಪ್ಯಾಂಟು. ಹಿಡಿಯಲು ಬಂದರೆ ಬಿಡದ ಗಟ್ಟಿ ಮೈಕಟ್ಟು. ಇನ್ನೊಂದು ಬದಿಗೆ ಭಾರತದ ಏಳು ಮಂದಿ. ಅವರ ಮುಂದಾಳು ಮಮತಾ ಪೂಜಾರಿ.

ಮಹಿಳೆಯರ ಕಬಡ್ಡಿಗೆ ಅದು ಮೊದಲ ವಿಶ್ವಕಪ್. 16 ದೇಶಗಳ ತಂಡಗಳು ಬಂದಿದ್ದವು. ನಾಲ್ಕೇ ದಿನದ ಕೂಟ. ಸೆಮಿಫೈನಲ್‌ನಲ್ಲಿ ಜಪಾನ್ ತಂಡವನ್ನು ದಾಟಿ ಬಂದಿದ್ದ ಭಾರತಕ್ಕೆ ಫೈನಲ್ ಅಷ್ಟು ಸಲೀಸಾಗಲಿಲ್ಲ. ಕೊನೆಯ ಸೀಟಿ ಊದಿದಾಗ ಫಲಕದ ಮೇಲಿದ್ದದ್ದು 25–19. ಬರೀ ಆರು ಅಂಕದ ಅಂತರ.

ಕಬಡ್ಡಿಯಲ್ಲಿ ಆರು ಅಂಕ ಎಂದರೆ ಏನೂ ಅಲ್ಲ. ಒಂದು ಆಲೌಟ್ ಬಿದ್ದರೆ ಎದುರಾಳಿಗೆ ಎರಡು ಹೆಚ್ಚಿನ ಅಂಕ, ಜೊತೆಗೆ ಔಟಾದ ಏಳೂ ಮಂದಿ ಮತ್ತೆ ಒಳಗೆ ಬರಬೇಕು. ಎರಡು ನಿಮಿಷದಲ್ಲಿ ಪಂದ್ಯ ಮಗುಚಿಕೊಳ್ಳುತ್ತದೆ. ಇರಾನ್ ಅಂದೇ ತೋರಿಸಿಕೊಟ್ಟಿತ್ತು, ಈ ಆಟ ಇನ್ನು ಮುಂದೆ ಭಾರತದ ಮನೆಯ ಆಸ್ತಿಯಾಗಿ ಉಳಿಯುವುದಿಲ್ಲ ಎಂದು. ಆರು ವರ್ಷದ ನಂತರ ಆ ಮಾತು ನಿಜವಾಯಿತು. ಅದು ಮುಂದೆ ಬರುತ್ತದೆ.

ಪಟ್ನಾದಲ್ಲಿ ಕಪ್ ಎತ್ತಿದ ಮಮತಾ ಹುಟ್ಟಿದ್ದು ಉಡುಪಿ ಜಿಲ್ಲೆ ಕಾರ್ಕಳ ತಾಲ್ಲೂಕಿನ ಹೆರ್ಮುಂಡೆಯಲ್ಲಿ, 1986ರಲ್ಲಿ. ಪಶ್ಚಿಮ ಘಟ್ಟದ ಬುಡದ ಊರು. ಅಡಿಕೆ ತೋಟ, ಭತ್ತದ ಗದ್ದೆ, ಗುಡ್ಡದ ಮೇಲೊಂದು ಕೆಳಗೊಂದು ಮನೆ. ತಂದೆ ತಾಯಿ ಕೃಷಿಕರು. ಶಾಲೆಯಲ್ಲಿದ್ದಾಗ ಮಮತಾ ಕಬಡ್ಡಿಯೊಂದಕ್ಕೇ ಅಂಟಿಕೊಂಡವರಲ್ಲ. ಗುಂಡು ಎಸೆದರು, ವಾಲಿಬಾಲ್ ಆಡಿದರು. ಗುಂಡು ಎಸೆದವರ ಭುಜ, ವಾಲಿಬಾಲ್ ಆಡಿದವರ ಜಿಗಿತ, ಎರಡೂ ಮುಂದೆ ಅಂಕಣದಲ್ಲಿ ಕೆಲಸಕ್ಕೆ ಬಂದವು. ಮುನಿಯಾಲಿನ ಸರ್ಕಾರಿ ಕಾಲೇಜು ಸೇರಿದ ಮೇಲೆ ಕಬಡ್ಡಿ ಗಟ್ಟಿಯಾಗಿ ಕೈಹಿಡಿಯಿತು.

ಕಬಡ್ಡಿಗೆ ಕರಾವಳಿಗಿಂತ ಒಳ್ಳೆಯ ನೆಲ ಸಿಗುವುದು ಕಷ್ಟ. ಮಳೆಗಾಲ ಮುಗಿದು ಗದ್ದೆಯ ಕೊಯ್ಲಾಗುತ್ತಿದ್ದಂತೆ ಊರೂರಿಗೆ ಹೊನಲು ಬೆಳಕಿನ ಕಬಡ್ಡಿ ಪಂದ್ಯಾಟದ ಬ್ಯಾನರ್ ಏಳುತ್ತದೆ. ಯುವಕ ಮಂಡಲ, ಭಜನಾ ಮಂದಿರ, ಗೆಳೆಯರ ಬಳಗ, ಯಾರಾದರೊಬ್ಬರು ಟ್ರೋಫಿ ಇಡುತ್ತಾರೆ. ರಾತ್ರಿಯೆಲ್ಲ ಮೈಕು, ಚರುಮುರಿ, ಜನ. ಪ್ರೊ ಕಬಡ್ಡಿಯಲ್ಲಿ ಹೆಸರು ಮಾಡಿದ ಸುಕೇಶ್ ಹೆಗ್ಡೆ ಕಾರ್ಕಳದ ಹುಡುಗ, ಪ್ರಶಾಂತ್ ರೈ ಪುತ್ತೂರಿನವರು. ಆದರೆ ಆ ದೀಪದ ಬೆಳಕು ಬಹುಮಟ್ಟಿಗೆ ಗಂಡಸರ ಮೇಲೇ ಬಿದ್ದಿದೆ. ಹೆಣ್ಣುಮಕ್ಕಳಿಗೆ ಅಂಕಣ ಸಿಕ್ಕಿದ್ದು ಶಾಲೆ ಕಾಲೇಜಿನ ಮೈದಾನದಲ್ಲಿ, ದೈಹಿಕ ಶಿಕ್ಷಕರ ಸೀಟಿಯ ಕೆಳಗೆ. ಮಮತಾ ಬಂದದ್ದೂ ಆ ದಾರಿಯಿಂದಲೇ.

ಅವರು ಆಟಕ್ಕೆ ಇಳಿದ ಕಾಲವನ್ನೂ ನೋಡಬೇಕು. ರಾಷ್ಟ್ರೀಯ ಕಬಡ್ಡಿಯಲ್ಲಿ ಹೆಣ್ಣುಮಕ್ಕಳ ಪಂದ್ಯ 1955ರಷ್ಟು ಹಿಂದೆಯೇ ಕಲ್ಕತ್ತೆಯಲ್ಲಿ ಶುರುವಾಗಿತ್ತು. ಆದರೆ ದೇಶದ ಹೊರಗೆ ಆಡಲು ವೇದಿಕೆ ಇರಲಿಲ್ಲ. 1990ರ ಬೀಜಿಂಗ್ ಏಷ್ಯನ್ ಗೇಮ್ಸ್‌ನಲ್ಲಿ ಗಂಡಸರ ಕಬಡ್ಡಿಗೆ ಪದಕ ಸಿಕ್ಕಿತು; ಹೆಂಗಸರು ಮತ್ತೆ 20 ವರ್ಷ ಕಾದರು. ನಡುವೆ ಮೆಟ್ಟಿಲು ಒಂದೊಂದಾಗಿ ಎದ್ದವು: 2005ರಲ್ಲಿ ಹೈದರಾಬಾದ್‌ನಲ್ಲಿ ಮೊದಲ ಏಷ್ಯನ್ ಮಹಿಳಾ ಚಾಂಪಿಯನ್‌ಷಿಪ್, 2006ರಲ್ಲಿ ಕೊಲಂಬೊದ ದಕ್ಷಿಣ ಏಷ್ಯಾ ಕ್ರೀಡಾಕೂಟ, 2008ರಲ್ಲಿ ಬಾಲಿಯ ಬೀಚ್ ಗೇಮ್ಸ್. ಮಮತಾ ಅವರ ತೋಳು ಬಲಿತ ವರ್ಷಗಳೂ ಇವೇ. ಹತ್ತು ವರ್ಷ ಮೊದಲು ಹುಟ್ಟಿದ್ದರೆ ಇದೇ ಆಟಗಾರ್ತಿಯ ಹೆಸರು ರಾಷ್ಟ್ರೀಯ ಕೂಟದ ಪ್ರಮಾಣಪತ್ರದಲ್ಲಿ ಮುಗಿಯುತ್ತಿತ್ತೇನೋ.

ಹೆಂಗಸರ ಅಂಕಣದ ಲೆಕ್ಕ
*ಅಂಕಣ 12 ಮೀಟರ್ ಉದ್ದ, 8 ಮೀಟರ್ ಅಗಲ. ಗಂಡಸರದ್ದು 13ಕ್ಕೆ 10. ಆಟ 15 ನಿಮಿಷದ ಎರಡು ಅವಧಿ. ಗಂಡಸರಿಗೆ 20 ನಿಮಿಷದ್ದು. ದೇಹತೂಕ 75 ಕಿಲೋ ಮೀರಬಾರದು. ತಂಡದಲ್ಲಿ 12 ಮಂದಿ, ಒಳಗೆ ಏಳು. ರೈಡಿಗೆ 30 ಸೆಕೆಂಡು. ಎದುರು ಬದಿಯಲ್ಲಿ ಆರು ಅಥವಾ ಏಳು ಮಂದಿ ಇದ್ದಾಗ ಮಾತ್ರ ಬೋನಸ್ ಗೆರೆಗೆ ಅಂಕ. ಅಂಕಣದಲ್ಲಿ ಮೂರು ಅಥವಾ ಅದಕ್ಕಿಂತ ಕಡಿಮೆ ಮಂದಿ ಉಳಿದಿದ್ದಾಗ ರೈಡರ್‌ಳನ್ನು ಕೆಡವಿದರೆ ಸೂಪರ್ ಟ್ಯಾಕಲ್, ಒಂದು ಅಂಕ ಹೆಚ್ಚು.*

ಅಂಕಣ ಚಿಕ್ಕದಾದಷ್ಟೂ ರೈಡರ್‌ಗೆ ಕಷ್ಟ. ಮೂಲೆಯಲ್ಲಿ ಕಾದಿರುವ ಕಾರ್ನರ್ ಆಟಗಾರ್ತಿಯ ಕೈ ಹಿಮ್ಮಡಿಗೆ ಬೇಗ ಬರುತ್ತದೆ. ಪಕ್ಕದ ಕವರ್ ಎದೆಗೆ ಬಂದು ಗುದ್ದುವುದು ಇನ್ನೂ ಬೇಗ. ಮಾತು ನಿಲ್ಲಿಸದೆ, ಉಸಿರು ಬಿಡದೆ, ಕಣ್ಣು ಏಳು ಕಡೆ ಇಟ್ಟುಕೊಂಡು ಕಾಲು ಚಾಚಬೇಕು. ನಾಯಕಿಗೆ ಇದರ ಮೇಲೆ ಇನ್ನೊಂದು ಹೊರೆ: ಯಾರನ್ನು ಯಾವಾಗ ರೈಡಿಗೆ ಕಳಿಸುವುದು, ಮುನ್ನಡೆ ಇದ್ದಾಗ ಖಾಲಿ ರೈಡು ಮಾಡಿ ಗಡಿಯಾರ ತಿನ್ನಬೇಕೋ ಅಂಕ ಹುಡುಕಬೇಕೋ, ಕೈಹಿಡಿದ ಚೈನ್ ಯಾವಾಗ ಮುಚ್ಚಬೇಕು. ಕಬಡ್ಡಿಯಲ್ಲಿ ಇವೆಲ್ಲ ಕಣ್ಸನ್ನೆಯಲ್ಲಿ ನಡೆಯುವ ವ್ಯವಹಾರ.

2010ರ ನವೆಂಬರ್ 26ರಂದು ಗುವಾಂಗ್‌ಝೌದಲ್ಲಿ ಏಷ್ಯನ್ ಗೇಮ್ಸ್‌ನ ಮೊದಲ ಮಹಿಳಾ ಕಬಡ್ಡಿ ಚಿನ್ನ ಭಾರತಕ್ಕೆ ಬಂತು. ಥಾಯ್ಲೆಂಡ್ ಎದುರು 28–14. ತಂಡದಲ್ಲಿ ಕರ್ನಾಟಕದ ಇಬ್ಬರಿದ್ದರು, ಮಮತಾ ಮತ್ತು ಬೆಂಗಳೂರಿನ ವಿ. ತೇಜಸ್ವಿನಿ ಬಾಯಿ. ತೇಜಸ್ವಿನಿಗೆ 2011ರಲ್ಲಿ ಅರ್ಜುನ ಪ್ರಶಸ್ತಿ ಬಂತು, ಮಮತಾಗೆ 2014ರಲ್ಲಿ. ಆ 2014ರಲ್ಲೇ ಇಂಚಿಯಾನ್‌ನಲ್ಲಿ ಎರಡನೇ ಚಿನ್ನ. ತೇಜಸ್ವಿನಿ ನಾಯಕಿ, ಮಮತಾ ತಂಡದ ಹಿರಿಯಕ್ಕ. ಎದುರಿಗೆ ಮತ್ತೆ ಇರಾನ್, 31–21. ಒಂದು ಪೀಳಿಗೆಯ ಭಾರತದ ಮಹಿಳಾ ಕಬಡ್ಡಿಯನ್ನು ಇಬ್ಬರು ಕನ್ನಡತಿಯರು ಸರದಿಯಲ್ಲಿ ಮುನ್ನಡೆಸಿದರು ಎಂಬುದು ನಮ್ಮ ಕ್ರೀಡಾ ಪುಟಗಳಲ್ಲಿ ಸಿಗಬೇಕಾದ ಜಾಗ ಇನ್ನೂ ಪಡೆದಿಲ್ಲ.

ಈ ವರ್ಷಗಳಲ್ಲೆಲ್ಲ ಮಮತಾ ಅವರ ಹೊಟ್ಟೆಪಾಡು ಎಲ್ಲಿಂದ ಬಂತು? ಕತೆಯ ನಡುಗಂಬ ಇರುವುದು ಇಲ್ಲಿ. ಅವರು ಸಿಕಂದರಾಬಾದ್‌ನ ದಕ್ಷಿಣ ಮಧ್ಯ ರೈಲ್ವೆಯ ನೌಕರರು. ಕ್ರೀಡಾ ಕೋಟಾದಡಿ ಕೆಲಸ, ಅಭ್ಯಾಸಕ್ಕೆ ಸಮಯ, ಕೂಟಗಳಿಗೆ ರಜೆ, ತಿಂಗಳ ಕೊನೆಗೆ ಸಂಬಳ. ಬ್ರಿಟಿಷರ ಕಾಲದಲ್ಲೇ, 1928ರಲ್ಲಿ, ಶುರುವಾದ ರೈಲ್ವೆಯ ಕ್ರೀಡಾ ಮಂಡಳಿ ಇಂದಿಗೂ ದೇಶದ ಹೆಣ್ಣು ಕ್ರೀಡಾಪಟುಗಳ ಅತಿ ದೊಡ್ಡ ಆಸರೆ. ರಾಷ್ಟ್ರೀಯ ಮಹಿಳಾ ಕಬಡ್ಡಿಯಲ್ಲಿ ರೈಲ್ವೆ ತಂಡ ವರ್ಷವರ್ಷವೂ ಮೇಲುಗೈ ಸಾಧಿಸಿದ್ದು ಇದಕ್ಕೇ: ಹರಿಯಾಣದ, ಹಿಮಾಚಲದ, ಕರ್ನಾಟಕದ, ಮಹಾರಾಷ್ಟ್ರದ ಒಳ್ಳೆಯ ಆಟಗಾರ್ತಿಯರು ನೌಕರಿ ಸಿಕ್ಕ ಕೂಡಲೇ ತಮ್ಮ ರಾಜ್ಯದ ಜೆರ್ಸಿ ಕಳಚಿ ರೈಲ್ವೆಯದ್ದನ್ನು ತೊಟ್ಟರು. ಮಮತಾ ಅವರದ್ದೂ ಅದೇ ಆಯ್ಕೆ. ಕರ್ನಾಟಕ ಒಬ್ಬ ಆಟಗಾರ್ತಿಯನ್ನು ಕಳೆದುಕೊಂಡಿತು ಎಂದು ಕೊರಗುವುದರಲ್ಲಿ ಅರ್ಥವಿಲ್ಲ. ಆ ಸಂಬಳ ಇಲ್ಲದಿದ್ದರೆ ದೇಶಕ್ಕೇ ಆ ನಾಯಕಿ ಸಿಗುತ್ತಿರಲಿಲ್ಲ.

ಗಂಡಸರ ದಾರಿ ಬೇರೆಯಾಯಿತು. 2014ರ ಜುಲೈ 26ರಂದು ಪ್ರೊ ಕಬಡ್ಡಿ ಲೀಗ್ ಶುರುವಾದ ಮೇಲೆ ಹಳ್ಳಿಯ ರೈಡರ್‌ಗಳ ಹರಾಜು ಟಿವಿಯಲ್ಲಿ ಕಂಡಿತು. 2023ರಲ್ಲಿ ಪವನ್ ಸೆಹ್ರಾವತ್ ಅವರನ್ನು ತೆಲುಗು ಟೈಟನ್ಸ್ ಕೊಂಡದ್ದು 2.605 ಕೋಟಿ ರೂಪಾಯಿಗೆ.

ಹೆಂಗಸರಿಗೂ ಒಮ್ಮೆ ಬಾಗಿಲು ತೆರೆದಿತ್ತು. 2016ರಲ್ಲಿ, ಗಂಡಸರ ಲೀಗಿನ ನಾಲ್ಕನೇ ಆವೃತ್ತಿಯ ಜೊತೆಜೊತೆಗೆ, ವಿಮೆನ್ಸ್ ಕಬಡ್ಡಿ ಚಾಲೆಂಜ್ ನಡೆಯಿತು. ಮೂರು ತಂಡ: ಮಮತಾ ನಾಯಕತ್ವದ ಫೈರ್ ಬರ್ಡ್ಸ್, ತೇಜಸ್ವಿನಿ ನಾಯಕತ್ವದ ಸ್ಟಾರ್ಮ್ ಕ್ವೀನ್ಸ್, ಮುಂಬೈನ ಅಭಿಲಾಷಾ ಮ್ಹಾತ್ರೆ ನಾಯಕತ್ವದ ಐಸ್ ದಿವಾಸ್. ಜುಲೈ 31ರಂದು ಹೈದರಾಬಾದ್‌ನಲ್ಲಿ ಫೈನಲ್. ಎರಡು ಬದಿಗೂ ಕನ್ನಡತಿಯರೇ ನಾಯಕಿಯರು. ಸ್ಟಾರ್ಮ್ ಕ್ವೀನ್ಸ್ 24, ಫೈರ್ ಬರ್ಡ್ಸ್ 23. ಒಂದೇ ಅಂಕಕ್ಕೆ ಮಮತಾ ಸೋತರು. ಮೂವತ್ತರ ಆ ನಾಯಕಿಗೆ ಸೇಡು ತೀರಿಸಿಕೊಳ್ಳಲು ಇನ್ನೊಂದು ವರ್ಷ ಸಿಗಲಿಲ್ಲ, ಏಕೆಂದರೆ ಆ ಕೂಟವೇ ಮತ್ತೆ ನಡೆಯಲಿಲ್ಲ. ಅಷ್ಟು ಚೆಂದದ ಫೈನಲ್ ಕೊಟ್ಟ ಆಟವನ್ನು ಒಂದೇ ವರ್ಷಕ್ಕೆ ಕೈಬಿಟ್ಟದ್ದು ಅನ್ಯಾಯ. ಬೇರೆ ಪದ ಹುಡುಕುವುದು ಬೇಡ. ಆಮೇಲೆ 2023ರಲ್ಲಿ ದುಬೈಯಲ್ಲಿ, 2025ರಲ್ಲಿ ಗುರುಗ್ರಾಮದಲ್ಲಿ ಹೊಸ ಪ್ರಯತ್ನಗಳಾದವು. ಗಂಡಸರ ಲೀಗಿನಂತೆ ಬೇರುಬಿಟ್ಟದ್ದು ಯಾವುದೂ ಇಲ್ಲ.

ರಗ್ಬಿಯ ಹೆಣ್ಣುಮಕ್ಕಳು ಕಂಡ ದಾರಿ
*ಮೈಮೇಲೆ ಬಿದ್ದು ಆಡುವ ಇನ್ನೊಂದು ಆಟ ರಗ್ಬಿ. ಅದರ ಮೊದಲ ಮಹಿಳಾ ವಿಶ್ವಕಪ್ 1991ರಲ್ಲಿ ವೇಲ್ಸ್‌ನಲ್ಲಿ ನಡೆಯಿತು. ಕೈಯಲ್ಲಿ ವಿದೇಶಿ ಹಣವಿಲ್ಲದೆ ಬಂದ ಸೋವಿಯತ್ ತಂಡದವರು ಖರ್ಚಿಗೆ ವೋಡ್ಕಾ, ಗೊಂಬೆ ಮಾರಲು ನಿಂತಿದ್ದರು. ಫೈನಲ್‌ನಲ್ಲಿ ಅಮೆರಿಕ 19–6ರಿಂದ ಇಂಗ್ಲೆಂಡನ್ನು ಸೋಲಿಸಿತು. 2019ರಲ್ಲಿ ಇಂಗ್ಲೆಂಡ್ 28 ಆಟಗಾರ್ತಿಯರಿಗೆ ಪೂರ್ಣಾವಧಿ ಸಂಬಳದ ಕರಾರು ಕೊಟ್ಟಿತು. 2025ರ ಸೆಪ್ಟೆಂಬರ್ 27ರಂದು ಲಂಡನ್‌ನ ಟ್ವಿಕನಂನಲ್ಲಿ ಇಂಗ್ಲೆಂಡ್ 33–13ರಿಂದ ಕೆನಡಾವನ್ನು ಮಣಿಸಿ ಕಪ್ ಗೆದ್ದಾಗ ನೋಡಲು ಬಂದವರು 81,885 ಮಂದಿ.*

*ಭಾರತದ ಹುಡುಗಿಯರು 15 ಮಂದಿಯ ರಗ್ಬಿಯಲ್ಲಿ ಮೊದಲ ಅಂತರರಾಷ್ಟ್ರೀಯ ಗೆಲುವು ಕಂಡದ್ದು 2019ರ ಜೂನ್‌ನಲ್ಲಿ, ಮನಿಲಾದಲ್ಲಿ, ಸಿಂಗಪುರದ ಎದುರು 21–19. ನಾಯಕಿ ಪುಣೆಯ ವಾಹ್‌ಬಿಜ್ ಭರುಚಾ. ಕೊನೆಯ ಗಳಿಗೆಯ ಪೆನಾಲ್ಟಿ ಒದ್ದು ಗೆಲ್ಲಿಸಿದವಳು ಒಡಿಶಾದ ಸುಮಿತ್ರಾ ನಾಯಕ್. ಬಿಹಾರದ ಬಾಢ್ ಕಡೆಯ ಓಟಗಾರ್ತಿ ಸ್ವೀಟಿ ಕುಮಾರಿ ಮಹಿಳಾ ರಗ್ಬಿಯ ಜಾಲತಾಣ ಸ್ಕ್ರಮ್‌ಕ್ವೀನ್ಸ್ ಕೊಡುವ ಆ ವರ್ಷದ ಅಂತರರಾಷ್ಟ್ರೀಯ ಯುವ ಆಟಗಾರ್ತಿ ಗೌರವ ಪಡೆದಳು.*

ಪಟ್ನಾದ ಗೆಲುವಿಗೆ ಜತ್ತ ತಾಲ್ಲೂಕಿನ ಓದುಗರು ಹತ್ತಿರವಾಗುವುದು ಇನ್ನೊಂದು ಕಾರಣಕ್ಕೆ. ಅಂದು ಮಮತಾ ಬೆನ್ನಿಗಿದ್ದವರಲ್ಲಿ ಮೂವರು ಮಹಾರಾಷ್ಟ್ರದವರು: ದೀಪಿಕಾ ಜೋಸೆಫ್, ಸುವರ್ಣಾ ಬಾರಟಕ್ಕೆ, ಅಭಿಲಾಷಾ ಮ್ಹಾತ್ರೆ. ಮಹಾರಾಷ್ಟ್ರ ಸರ್ಕಾರ ಮೂವರಿಗೂ ತಲಾ ಒಂದು ಕೋಟಿ ರೂಪಾಯಿ ಘೋಷಿಸಿತು. ಕಬಡ್ಡಿ ಆಡಿದ ಹೆಣ್ಣುಮಗಳಿಗೆ ಕೋಟಿ ರೂಪಾಯಿ ಎಂಬುದು ಆ ಕಾಲಕ್ಕೆ ಕಿವಿ ನಂಬದ ಸುದ್ದಿ.

ದರಿಬಡಚಿ, ಸಂಖ, ಉಮದಿ, ಮಾಡಗ್ಯಾಳ. ಜತ್ತದ ಮೂಡಣ ದಿಕ್ಕಿನ ಈ ಊರುಗಳಲ್ಲಿ ಮನೆಮಾತು ಕನ್ನಡ, ಕಚೇರಿಯ ಮಾತು ಮರಾಠಿ. ಗುಡ್ಡಾಪುರದ ದಾನಮ್ಮನ ಜಾತ್ರೆಗೆ ಗಡಿಯ ಎರಡೂ ಬದಿಯಿಂದ ಜನ ಬರುತ್ತಾರೆ. ನೀರಿನ ಬರ ಎಷ್ಟೆಂದರೆ, ಇಲ್ಲಿನ ಹಳ್ಳಿಗಳು 2012ರಲ್ಲಿ ಕರ್ನಾಟಕಕ್ಕೆ ಸೇರುತ್ತೇವೆಂದು ಠರಾವು ಮಾಡಿದ್ದು 2022ರ ಕರ್ನಾಟಕ–ಮಹಾರಾಷ್ಟ್ರ ಗಡಿ ಜಗಳದಲ್ಲಿ ಮತ್ತೆ ಸುದ್ದಿಯಾಯಿತು. ಇಂಥ ಊರಿನ ಹುಡುಗಿ ಕಬಡ್ಡಿ ಆಡಿದರೆ ತೊಡುವುದು ಸಾಂಗ್ಲಿ ಜಿಲ್ಲೆಯ ಜೆರ್ಸಿ, ಗೆದ್ದರೆ ಮಹಾರಾಷ್ಟ್ರದ್ದು. ಅವಳಿಗೆ ಹತ್ತಿರದ ಹೀರೊಯಿನ್ ಅಭಿಲಾಷಾ ಕೂಡ ಹೌದು, ಮಮತಾ ಕೂಡ ಹೌದು.

ಆದರೆ ಅವಳ ವರ್ಷದ ಕ್ಯಾಲೆಂಡರ್ ಬೇರೆ. ಶಾಲಾ ಕ್ರೀಡಾಸ್ಪರ್ಧೆಗಳು ತಾಲ್ಲೂಕು, ಜಿಲ್ಲೆ, ವಿಭಾಗ ಎಂದು ಮೇಲೇರುವ ಹೊತ್ತಿಗೇ ದೀಪಾವಳಿ ಬರುತ್ತದೆ, ಕಬ್ಬಿನ ಹಂಗಾಮು ಶುರುವಾಗುತ್ತದೆ. ಕಬ್ಬು ಕಡಿಯುವ ಕೂಲಿಗಳನ್ನು ಗೊತ್ತುಮಾಡುವ ಮುಕಾದಮನ ಮುಂಗಡ ತೆಗೆದುಕೊಂಡ ಮನೆಗಳು ಟೋಳಿ ಕಟ್ಟಿಕೊಂಡು ಸಕ್ಕರೆ ಕಾರ್ಖಾನೆಗಳ ಕಡೆ ಹೊರಡುತ್ತವೆ. ಮನೆಯಲ್ಲಿ ಉಳಿದ ಹುಡುಗಿಗೆ ಅಜ್ಜಿ, ತಮ್ಮ, ದನಕರು, ನೀರಿನ ಕೊಡ. ಜೊತೆಗೆ ಹೋದವಳಿಗೆ ಶಾಲೆಯೇ ಇಲ್ಲ. ಹತ್ತನೇ ತರಗತಿಯವರೆಗೆ ಚುರುಕಾಗಿ ರೈಡು ಮಾಡಿದವಳು ಹನ್ನೆರಡನೇ ಇಯತ್ತೆಗೆ ಬರುವಷ್ಟರಲ್ಲಿ ಮದುವೆಯ ಮಾತು. ಮಮತಾ ಕಬಡ್ಡಿಯಲ್ಲಿ ಗಟ್ಟಿಯಾಗಿ ನಿಂತದ್ದು ಕಾಲೇಜಿನಲ್ಲಿ ಎಂಬುದನ್ನು ಇಲ್ಲಿ ಮತ್ತೆ ನೆನೆಯಬೇಕು. ಹದಿನಾರರಿಂದ ಇಪ್ಪತ್ತೆರಡರ ನಡುವಿನ ಆ ಆರು ವರ್ಷ ಯಾರಿಗೆ ಸಿಗುತ್ತದೋ ಅವರಷ್ಟೇ ಆಟಗಾರ್ತಿಯರಾಗುತ್ತಾರೆ. ಪ್ರತಿಭೆಯ ಮಾತು ಆಮೇಲಿನದು.

ಆ ಆರು ವರ್ಷವನ್ನು ಮನೆಯವರಿಂದ ಕೇಳಿ ಪಡೆಯಲು ಹುಡುಗಿಯ ಕೈಯಲ್ಲಿ ಒಂದು ವಾದ ಇರಬೇಕು. ನೌಕರಿಗಿಂತ ಬಲವಾದ ವಾದ ಹಳ್ಳಿಯ ಮನೆಯಲ್ಲಿ ಬೇರೆ ಯಾವುದೂ ನಿಲ್ಲುವುದಿಲ್ಲ. ಮಹಾರಾಷ್ಟ್ರ ಸರ್ಕಾರದ ನೇಮಕಾತಿಯಲ್ಲಿ ಕ್ರೀಡಾಪಟುಗಳಿಗೆ ಶೇ 5ರ ಮೀಸಲಾತಿ ಇದೆ. ರೈಲ್ವೆ, ಪೊಲೀಸ್, ಬ್ಯಾಂಕುಗಳಲ್ಲಿ ಕ್ರೀಡಾ ಕೋಟಾ ಇದೆ. ಬಿಹಾರ ಇದನ್ನೇ ಘೋಷಣೆ ಮಾಡಿಕೊಂಡಿತು: ‘ಮೆಡಲ್ ಲಾವೊ, ನೌಕರಿ ಪಾವೊ’. ಪದಕ ತಂದವರಿಗೆ ನೇರವಾಗಿ ಸರ್ಕಾರಿ ಹುದ್ದೆ ಕೊಡುವ ಯೋಜನೆ ಅದು.

ಚಾಂಪಿಯನ್ ಆದ ಮೇಲೂ ಕಾಲಡಿಯ ನೆಲ ಎಷ್ಟು ತೆಳುವಾಗಿರುತ್ತದೆ ಎಂಬುದಕ್ಕೆ ತೇಜಸ್ವಿನಿ ಬಾಯಿ ಅವರ 2021ರ ಮೇ ತಿಂಗಳು ಸಾಕ್ಷಿ. ಕೋವಿಡ್ ಎರಡನೇ ಅಲೆಯಲ್ಲಿ ಪತಿ ಪತ್ನಿ ಇಬ್ಬರಿಗೂ ಸೋಂಕು ತಗುಲಿತು. ತೇಜಸ್ವಿನಿ ಚೇತರಿಸಿಕೊಂಡರು, ಪತಿ ಉಳಿಯಲಿಲ್ಲ. ಕೈಯಲ್ಲಿ ಎಳೆ ಕೂಸು. ಕೇಂದ್ರ ಕ್ರೀಡಾ ಸಚಿವಾಲಯ ಕ್ರೀಡಾಪಟುಗಳ ಕಲ್ಯಾಣ ನಿಧಿಯಿಂದ ಎರಡು ಲಕ್ಷ ರೂಪಾಯಿ ನೆರವು ಮಂಜೂರು ಮಾಡಿತು. ಏಷ್ಯನ್ ಗೇಮ್ಸ್‌ನಲ್ಲಿ ಎರಡು ಚಿನ್ನ ಗೆದ್ದ ಅರ್ಜುನ ಪ್ರಶಸ್ತಿ ಪುರಸ್ಕೃತೆಯ ವಿಷಯ ಇದು.

ಏಷ್ಯನ್ ಗೇಮ್ಸ್: ನಾಲ್ಕು ಫೈನಲ್
*2010 ಗುವಾಂಗ್‌ಝೌ: ಭಾರತ 28, ಥಾಯ್ಲೆಂಡ್ 14*
*2014 ಇಂಚಿಯಾನ್: ಭಾರತ 31, ಇರಾನ್ 21*
*2018 ಜಕಾರ್ತಾ: ಇರಾನ್ 27, ಭಾರತ 24*
*2022 ಹಾಂಗ್‌ಝೌ (ನಡೆದದ್ದು 2023ರ ಅಕ್ಟೋಬರ್): ಭಾರತ 26, ಚೀನಾ ತೈಪೆ 25*

ಈ ನಾಲ್ಕು ಸಾಲುಗಳಲ್ಲಿ ಮೂರನೆಯದರ ಬಗ್ಗೆ ಮೊದಲೇ ಸುಳಿವು ಕೊಟ್ಟಿದ್ದೆವು. ಮಮತಾ ಕಾಲದ ಇರಾನ್ ಎರಡು ದೊಡ್ಡ ಫೈನಲ್‌ಗಳಲ್ಲಿ ಸೋತು ಕಲಿತಿತ್ತು. 2018ರ ಹೊತ್ತಿಗೆ ಆ ತಂಡಕ್ಕೆ ತರಬೇತಿ ಕೊಟ್ಟವರು ನಾಸಿಕ್‌ನ ಶೈಲಜಾ ಜೈನ್. ಭಾರತದಲ್ಲಿ ದಶಕಗಟ್ಟಲೆ ದುಡಿದ ತರಬೇತುದಾರ್ತಿ, ಭಾರತವನ್ನೇ ಮೂರು ಅಂಕದಿಂದ ಕೆಡವುವ ತಂಡ ಕಟ್ಟಿದರು. ಆಟ ಬೆಳೆಯುವುದು ಹೀಗೆಯೇ. ಸೋತ ನೋವಿನ ಜೊತೆಗೆ ಇದಕ್ಕೊಂದು ಹೆಮ್ಮೆಯೂ ಇರಬೇಕು. ಐದು ವರ್ಷದ ನಂತರ ಹಾಂಗ್‌ಝೌದಲ್ಲಿ ಒಂದಂಕದಿಂದ ಚಿನ್ನ ಮರಳಿ ಬಂತು. ಆ ಕೂಟದಲ್ಲಿ ಭಾರತದ ನೂರನೇ ಪದಕ ಅದೇ.

ಕೊನೆಗೂ ಎರಡನೇ ವಿಶ್ವಕಪ್ 2025ರ ನವೆಂಬರ್‌ನಲ್ಲಿ ಢಾಕಾದಲ್ಲಿ ನಡೆಯಿತು. 11 ತಂಡ. ಹಿಮಾಚಲದ ರಿತು ನೇಗಿ ನಾಯಕಿ. ಸೆಮಿಫೈನಲ್‌ನಲ್ಲಿ ಇರಾನ್, 24ರಂದು ಫೈನಲ್‌ನಲ್ಲಿ ಚೀನಾ ತೈಪೆ, 35–28. ತಂಡದಲ್ಲಿ ಮುಂಬೈನ ಸೋನಾಲಿ ಶಿಂಗಟೆ ಇದ್ದರು, ಛತ್ತೀಸಗಢದ ಕೊರ್ಬಾ ಜಿಲ್ಲೆಯ ಸಂಜು ದೇವಿ ಇದ್ದರು, ಕರಾವಳಿಯ ಸುರತ್ಕಲ್ ಕಡೆಯ ಧನಲಕ್ಷ್ಮಿ ಪೂಜಾರಿ ಇದ್ದರು. ಮುಖ್ಯ ತರಬೇತುದಾರರ ಜಾಗದಲ್ಲಿ ನಿಂತಿದ್ದವರು ತೇಜಸ್ವಿನಿ ಬಾಯಿ.

ಜತ್ತದಲ್ಲಿ ಆಗಬೇಕಾದ ಕೆಲಸಕ್ಕೆ ಬಹಳ ದೊಡ್ಡ ಹಣ ಬೇಡ. ದೊಡ್ಡ ಕೂಟಗಳ ಕಬಡ್ಡಿ ಈಗ ಮ್ಯಾಟಿನ ಮೇಲೆ ಬೂಟು ಹಾಕಿಕೊಂಡು ಆಡುವ ಆಟ. ಬರಿಗಾಲಲ್ಲಿ ಮಣ್ಣಿನ ಮೇಲೆ ಕಲಿತ ಹುಡುಗಿ ಜಿಲ್ಲೆಯ ಆಯ್ಕೆಗೆ ಹೋದಾಗ ಮೊದಲು ಎಡವುವುದು ಮ್ಯಾಟಿನ ಹಿಡಿತಕ್ಕೆ. ತಿರುಗುವಾಗ ಮಂಡಿ ಉಳುಕುವುದೂ ಅಲ್ಲೇ. ಪೂರ್ವ ಜತ್ತಕ್ಕೆ ಒಂದು ಮ್ಯಾಟು, ಮಳೆ ಬಿಸಿಲಿಗೆ ತಗಡಿನ ಸೂರು, ದೀಪಾವಳಿಯಿಂದ ಯುಗಾದಿವರೆಗೆ ಕಬ್ಬಿಗೆ ಹೋದವರ ಹೆಣ್ಣುಮಕ್ಕಳು ಉಳಿದುಕೊಂಡು ಓದಿ ಆಡಲು ಒಂದು ವಸತಿನಿಲಯ, ಕನ್ನಡದಲ್ಲಿ ಹೇಳಿಕೊಡಬಲ್ಲ ಒಬ್ಬ ತರಬೇತುದಾರ್ತಿ. ಜಿಲ್ಲಾ ಪರಿಷತ್ತು ಮನಸ್ಸು ಮಾಡಿದರೆ ಮುಂದಿನ ಹಂಗಾಮಿನೊಳಗೆ ಆಗುವ ಕೆಲಸ. 2026ರ ಸೆಪ್ಟೆಂಬರ್ 19ರಿಂದ ಜಪಾನಿನ ನಗೊಯಾ ಸೀಮೆಯಲ್ಲಿ ಏಷ್ಯನ್ ಗೇಮ್ಸ್. ಮಹಿಳೆಯರ ಕಬಡ್ಡಿಗೆ ಅದು ಐದನೆಯದು. ಇಂದು ಎಂಟನೇ ಇಯತ್ತೆಯಲ್ಲಿರುವ ಹುಡುಗಿ ಅದರ ನಂತರದ, 2030ರ ದೋಹಾ ಕೂಟಕ್ಕೆ ಸರಿಯಾದ ವಯಸ್ಸಿಗೆ ಬಂದಿರುತ್ತಾಳೆ.